ಗುರುವಂದನೆ ವ್ಯಕ್ತಿಪೂಜೆಯಲ್ಲ

ಆಷಾಢ ಬಹುಳ ಪಂಚಮಿಗೆ ಮಳಖೇಡದಲ್ಲಿ ಟೀಕಾಚಾರ್ಯ ಜಯತೀರ್ಥರ ಆರಾಧನೆ ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ ಕಡೆಯ ಓದಿದ ಗೆಳೆಯರು ಅದೇ ಮಾತು ತೆಗೆಯುತ್ತಾರೆ: ಆರುನೂರು ವರ್ಷಗಳ ಹಿಂದಿನವರ ಬೃಂದಾವನ ಸುತ್ತುವುದು ವ್ಯಕ್ತಿಪೂಜೆ; ಧ್ಯಾನಕ್ಕೆ ಗುರುವೂ ಬೇಡ, ಪರಂಪರೆಯೂ ಬೇಡ. ಈ ಮಾತನ್ನು ಸುಮ್ಮನೆ ಬಿಡಲಾಗದು.

ಮೊದಲು ವ್ಯಕ್ತಿಪೂಜೆಯ ಆರೋಪ. ಜಯತೀರ್ಥರು ಟೀಕಾಚಾರ್ಯರಾದದ್ದು ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದು. ಅವರ ಮೇರುಕೃತಿ ‘ನ್ಯಾಯಸುಧಾ’ ಕೂಡ ಮಧ್ವರ ‘ಅನುವ್ಯಾಖ್ಯಾನ’ದ ವಿವರಣೆಯೇ. ಅಂಥ ತಾರ್ಕಿಕರು ತಮ್ಮ ಬುದ್ಧಿಯನ್ನೆಲ್ಲ ಹಿರಿಯರ ಸಾಲುಗಳಿಗೆ ಧಾರೆಯೆರೆದರು. ಅವರ ಗುರು ಅಕ್ಷೋಭ್ಯತೀರ್ಥರ ಬೃಂದಾವನವೂ ಕಾಗಿಣಾ ದಂಡೆಯ ಈ ಊರಲ್ಲೇ ಇದೆ. ಒಬ್ಬರಿಗೆ ಕೈಮುಗಿದರೆ ಅದು ಅವರ ಹಿಂದಿನವರಿಗೂ ಸಲ್ಲುತ್ತದೆ. ಇದು ಮಾಧ್ವರ ಮಾತಷ್ಟೇ ಅಲ್ಲ. ಈ ಊರು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ ದೊರೆ ಅಮೋಘವರ್ಷ ಜೈನಮುನಿ ಜಿನಸೇನರಿಗೆ ತಲೆಬಾಗಿದ್ದ. ಆ ಜಿನಸೇನರು ಗುರು ವೀರಸೇನರು ಅರ್ಧಕ್ಕೇ ಬಿಟ್ಟುಹೋಗಿದ್ದ ‘ಜಯಧವಲಾ’ ಟೀಕೆಯನ್ನು ಕ್ರಿ.ಶ. 837ರಲ್ಲಿ ಮುಗಿಸಿದರು. ಗುರು ಬರೆದದ್ದು 20,000 ಶ್ಲೋಕದಷ್ಟು, ಶಿಷ್ಯ ಬರೆದದ್ದು 40,000. ಮುಂದೆ ಜಿನಸೇನರ ಮಹಾಪುರಾಣವೂ ಅರ್ಧಕ್ಕೆ ನಿಂತಾಗ ಅದನ್ನು ಪೂರೈಸಿದವರು ಅವರ ಶಿಷ್ಯ ಗುಣಭದ್ರರು. ಗುರುವಂದನೆ ಎಂದರೆ ನನಗೆ ಇದು: ಗುರು ಬಿಟ್ಟ ಕೆಲಸಕ್ಕೆ ಹೆಗಲು ಕೊಡುವುದು.

ಎರಡನೆಯದು, ಮೊಬೈಲಿನ ಮಾತು ಕೇಳುತ್ತ ಹತ್ತು ನಿಮಿಷ ಕಣ್ಣು ಮುಚ್ಚಿದರೆ ಸಾಕು, ಗುರು ಯಾಕೆ ಎಂಬ ವಾದ. ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ಹಾಗೆಯೇ ಮಾಡಲಿ. ಆದರೆ ವೇದಾಂತದಲ್ಲಿ ಮೊದಲು ಶ್ರವಣ, ಆಮೇಲೆ ಮನನ, ಅದಾದ ಮೇಲೇ ನಿದಿಧ್ಯಾಸನ. ಸುಧಾಪಾಠಕ್ಕೆ, ಅಂದರೆ ‘ನ್ಯಾಯಸುಧಾ’ದ ಪಾಠಕ್ಕೆ, ಕೂತ ಹುಡುಗರನ್ನು ನೋಡಿ. ಒಂದು ವಾಕ್ಯ ಬಿಡಿಸಬೇಕು, ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು, ತಪ್ಪಿದರೆ ಗುರುಗಳು ಅಲ್ಲೇ ತಡೆಯುತ್ತಾರೆ. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಪಾಠ ಮುಗಿದ ಸಂಭ್ರಮ, ಸುಧಾಮಂಗಳ. ಸಂದೇಹ ಹರಿಯದೆ ಕಣ್ಣು ಮುಚ್ಚಿದವನು ಧ್ಯಾನಿಸುವುದಾದರೂ ಏನನ್ನು? ಮುಂಬೈಯಲ್ಲಿ ಬೀಡಿ ಅಂಗಡಿ ಇಟ್ಟಿದ್ದ ನಿಸರ್ಗದತ್ತ ಮಹಾರಾಜರನ್ನು ಪರಂಪರೆಯ ಹಂಗಿಲ್ಲದ ಜ್ಞಾನಿಯೆಂದು ತೋರಿಸುವವರಿದ್ದಾರೆ. ಅವರು ನಡೆದದ್ದು ಗುರು ಸಿದ್ಧರಾಮೇಶ್ವರ ಮಹಾರಾಜರ ಒಂದು ಮಾತು ನಂಬಿ. ಮನೆಯಲ್ಲಿ ದಿನವೂ ಭಜನೆ ತಪ್ಪಿಸಲಿಲ್ಲ. ಆ ಸಿದ್ಧರಾಮೇಶ್ವರರ ಗುರು ನಮ್ಮ ವಿಜಯಪುರ ಸೀಮೆಯ ಇಂಚಗೇರಿ ಮಠದ ಭಾವುಸಾಹೇಬ ಮಹಾರಾಜರು.

ಕಳ್ಳಗುರುಗಳು, ಮಠಗಳ ಜಗಳ? ಇವೆ. ಜಯತೀರ್ಥರ ಮೂಲ ಬೃಂದಾವನ ಮಳಖೇಡದ್ದೋ ಆನೆಗುಂದಿಯದೋ ಎಂಬ ವ್ಯಾಜ್ಯ ನನಗೂ ನೋವಿನದೇ. ಆದರೆ ಎರಡೂ ಕಡೆಯವರು ಓದುವುದು ಅದೇ ಸುಧಾ. ಇನ್ನು ಕಳ್ಳನನ್ನು ಹಿಡಿಯಲು ಪರಂಪರೆಯೇ ಒಂದು ದಾರಿ: ನಿನ್ನ ಗುರು ಯಾರು, ಏನು ಕಲಿಸಿದರು, ನೀನು ಹೇಳುವುದು ಅದಕ್ಕೆ ಹೊಂದುತ್ತದೆಯೇ ಎಂದು ಕೇಳಬಹುದು. ತಾನೇ ಗುರುವಾಗಿ ಎದ್ದವನನ್ನು ಏನೆಂದು ಕೇಳುವುದು?

ಕೊನೆಯದು ಜಾತಿಯ ಆಕ್ಷೇಪ, ಎಲ್ಲಕ್ಕಿಂತ ಗಟ್ಟಿಯಾದದ್ದು. ಊಟದ ಪಂಕ್ತಿಯಲ್ಲಿ ಭೇದ ಮಾಡುವುದು ತಪ್ಪು. ಅದಕ್ಕೆ ನಾನು ಸಮರ್ಥನೆ ಹುಡುಕುವುದಿಲ್ಲ. ಆದರೆ ಪರಂಪರೆ ಎಂದರೆ ಜಾತಿಯೇ ಎಂಬುದನ್ನು ಒಪ್ಪಲಾರೆ. ಉಮದಿಯ ದೇಶಪಾಂಡೆ ಮನೆತನದ ಬ್ರಾಹ್ಮಣ ಭಾವುಸಾಹೇಬರು ಗುರುವೆಂದು ಪಾದ ಹಿಡಿದದ್ದು ಲಿಂಗಾಯತರಾದ ನಿಂಬರಗಿ ಮಹಾರಾಜರನ್ನು. ನಮ್ಮ ಜಿಲ್ಲೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಬರಿದ್ದರು. ಶಹಾಬಾದ್, ಚಿಂಚೋಳಿ ಕಡೆಯ ಗೆಳೆಯರೇ, ಪಂಕ್ತಿಭೇದ ಹೋಗಲಿ ಎಂದು ಕೇಳಲು ಯಾವ ಮಠದ ಬಾಗಿಲಿಗೆ ಕರೆದರೂ ನಿಮ್ಮ ಜೊತೆ ಬರುತ್ತೇನೆ. ಕೇಳಿ ಮುಗಿದ ಮೇಲೆ ಒಳಗೆ ಹೋಗಿ ಬೃಂದಾವನಕ್ಕೆ ಕೈಮುಗಿಯುತ್ತೇನೆ.