ಕೆರೆಗೆ ಹಿಟಾಚಿ ಬಂತು, ನೀರುಗಂಟಿ ಎಲ್ಲಿ?



ಮಂಡ್ಯ ಜಿಲ್ಲೆಯ ಹಳ್ಳಿಗಳ ಬಾಳು ಹಸನಾಗಲೆಂದು ಸರ್ಕಾರವೂ ಕಂಪನಿಗಳ ಸಿಎಸ್‌ಆರ್ ನಿಧಿಗಳೂ ಕೆರೆಗಳಿಗೆ ಹಣ ಕೊಡುತ್ತಿರುವುದು ಒಳ್ಳೆಯದೇ. ನನ್ನ ತಕರಾರು ಆ ಹಣ ಖರ್ಚಾಗುವ ಬಗೆಯ ಮೇಲೆ. ಇಷ್ಟು ಲೋಡು ಹೂಳು ಎತ್ತಿದ್ದಾಯಿತು, ಏರಿಗೆ ಬೇಲಿ ಬಂತು, ಉದ್ಘಾಟನೆಯ ಕಲ್ಲು ನೆಟ್ಟರು ಎಂದರೆ ಯೋಜನೆ ಮುಗಿದಂತೆ. ಕೆರೆಗೆ ನೀರು ತರುವ ಕಾಲುವೆ ಮತ್ತು ಬಂದ ನೀರನ್ನು ಕಾಯುವ ಮನುಷ್ಯ, ಇವೆರಡಕ್ಕೆ ಅಂದಾಜುಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ. ಸುಸ್ಥಿರ ಅಭಿವೃದ್ಧಿಯ ಲೆಕ್ಕ ಶುರುವಾಗಬೇಕಾದದ್ದೇ ಅಲ್ಲಿಂದ.

ಹೊರಗಿನವರಿಗೆ ಮಂಡ್ಯವೆಂದರೆ ಕನ್ನಂಬಾಡಿ, ಕಬ್ಬು, ಭತ್ತ. ಶ್ರೀರಂಗಪಟ್ಟಣದ ಮಟ್ಟಿಗೆ ಇದು ಸರಿ. ಅಲ್ಲಿನ ಚಿಕ್ಕದೇವರಾಯ ಸಾಗರ, ವಿರಿಜಾ, ಬಂಗಾರದೊಡ್ಡಿ ನಾಲೆಗಳು ಕನ್ನಂಬಾಡಿ ಕಟ್ಟೆಗಿಂತ ಹಳೆಯವು. ನಾಗಮಂಗಲದ ಬಹುಭಾಗ, ಹೇಮಾವತಿ ನಾಲೆ ಸರಿಯಾಗಿ ಮುಟ್ಟದ ಕೆ.ಆರ್. ಪೇಟೆಯ ಹಳ್ಳಿಗಳು, ಪಾಂಡವಪುರದಲ್ಲಿ ಮೇಲುಕೋಟೆ ಸುತ್ತಿನ ಗುಡ್ಡಗಾಡು ಮಾತ್ರ ಇಂದಿಗೂ ಮಳೆ ಮತ್ತು ಬೋರ್‌ವೆಲ್ಲನ್ನೇ ನಂಬಿವೆ. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದವರಲ್ಲಿ ಕೋವಿಡ್ ಕಾಣಿಸಿಕೊಂಡಾಗ ಕೆ.ಆರ್. ಪೇಟೆ, ನಾಗಮಂಗಲಗಳ ಹೆಸರು ಮತ್ತೆ ಮತ್ತೆ ಸುದ್ದಿಯಾಯಿತು. ಕಾವೇರಿ ಹರಿಯುವ ಜಿಲ್ಲೆಯ ಇಷ್ಟೊಂದು ಜನ ಅಷ್ಟು ದೂರ ದುಡಿಯಲು ಹೋಗಿದ್ದರೇ ಎಂದು ರಾಜ್ಯವೇ ಬೆರಗಾಯಿತು. ಹೋದವರೆಲ್ಲ ನೀರಿಲ್ಲವೆಂದೇ ಹೋದವರಲ್ಲ, ನಿಜ. ಆದರೆ ಕೆರೆ ಬತ್ತಿದ ಊರಿನಲ್ಲಿ ಉಳಿಯಿರೆಂದು ಹೇಳಲು ನಮ್ಮ ಬಳಿ ಏನಿದೆ?

ಈ ನಾಡಿನ ಕೆರೆಗಳು ಒಂಟಿಯಲ್ಲ, ಸರಪಳಿ. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟುವ ಲೋಕಪಾವನಿ ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿ ಸೇರುತ್ತದೆ. ಇಂಥ ಹೊಳೆಹಳ್ಳಗಳ ಬಯಲಿನಲ್ಲಿ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನಡುವಿನ ರಾಜಕಾಲುವೆಯನ್ನು ಯಾರೋ ಉತ್ತು ಹೊಲಕ್ಕೆ ಸೇರಿಸಿಕೊಂಡರೆ, ಅಥವಾ ಜಾಲಿ ಬೆಳೆದು ಅದು ಮುಚ್ಚಿಹೋದರೆ, ಕೆಳಗಿನ ಕೆರೆಯನ್ನು ಎಷ್ಟು ತೋಡಿದರೂ ಬರಿಗುಂಡಿಯೇ. ಮಿತಿಮೀರಿ ತೋಡುವುದೂ ತಪ್ಪು: ತೂಬಿನ ಮಟ್ಟದಿಂದ ಕೆಳಗೆ ನಿಂತ ನೀರು ಅಚ್ಚುಕಟ್ಟಿಗೆ ಹರಿಯದು. ಗೋಡುಮಣ್ಣು ಹೊಲಕ್ಕೆ ಹೋದರೆ ರೈತನಿಗೆ ಲಾಭ. ಅದರಡಿಯ ಗಟ್ಟಿಮಣ್ಣು ಲಾರಿಯೇರಿದರೆ ಕೆರೆಗೇ ನಷ್ಟ.

ಹೊಸದಾಗಿ ತೋಡುವ ಹೊಂಡಗಳ ಲೆಕ್ಕವನ್ನೂ ನೋಡಿ. 2022ರ ಏಪ್ರಿಲ್‌ನಲ್ಲಿ ಶುರುವಾದ ಅಮೃತ ಸರೋವರ ಯೋಜನೆ ಜಿಲ್ಲೆಗೆ 75 ಸರೋವರಗಳ ಗುರಿ ಕೊಟ್ಟಿತು. ಒಂದೊಂದೂ ಕನಿಷ್ಠ ಒಂದು ಎಕರೆ, ಸುಮಾರು 10,000 ಘನ ಮೀಟರ್ ಹಿಡಿಯುವಂಥದ್ದು. ಒಂದು ಹೆಕ್ಟೇರ್ ಭತ್ತ ಒಂದು ಬೆಳೆಗೆ ಕುಡಿಯುವ ನೀರೂ ಹೆಚ್ಚುಕಡಿಮೆ ಅಷ್ಟೇ. ದನಕರು, ಅಂತರ್ಜಲ, ಒಣಗುವ ರಾಗಿಗೆ ಒಂದು ತೇವ, ಇಷ್ಟಕ್ಕೆ ಇವು ಖಂಡಿತ ಬೇಕು. ಆದರೆ ಇದೇ ಬಯಲಿನಲ್ಲಿ ಆಗಲೇ ಇರುವ ಹಳೆಯ ಕೆರೆಯ ಕಾಲುವೆಯೊಂದನ್ನು ಬಿಡಿಸಿದರೆ ಇದರ ಹಲವು ಪಟ್ಟು ನೀರು ನಿಲ್ಲುತ್ತದೆ. ಹೊಸ ಗುಂಡಿಯ ಫೋಟೊ ಚೆನ್ನಾಗಿ ಬರುತ್ತದೆ, ಒತ್ತುವರಿ ತೆರವಿಗೆ ಮಾತ್ರ ಜಗಳವಾಡಬೇಕು. ಕಷ್ಟದ ಕೆಲಸ ಹಿಂದೆ ಬೀಳುವುದು ಇದಕ್ಕೇ.

ಇನ್ನು ಕಾಯುವವರ ಮಾತು. ತೂಬು ಎತ್ತಿ, ಸರದಿಯಂತೆ ಗದ್ದೆಗೆ ನೀರು ಬಿಟ್ಟು, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆಯುತ್ತಿದ್ದವನು ನೀರುಗಂಟಿ. ಹೆಚ್ಚಿನ ಕಡೆ ಆತ ದಲಿತ. ಆ ಚಾಕರಿ ವಂಶಪಾರಂಪರ್ಯವಾಗಿ ಅವನ ಮೇಲೆ ಹೊರಿಸಿದ್ದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾನೂನು ಆ ಪದ್ಧತಿಯನ್ನು ಕೊನೆಗಾಣಿಸಿದ್ದು ನ್ಯಾಯವೇ. ಚಾಕರಿಯ ಜೊತೆಗೆ ಕೆಲಸವನ್ನೂ ಕೈಬಿಟ್ಟದ್ದು ತಪ್ಪಾಯಿತು. ಈಗ ಪಂಚಾಯಿತಿಯ ನೀರುಗಂಟಿ ಎಂದರೆ ಟ್ಯಾಂಕಿನ ವಾಲ್ವ್ ತಿರುಗಿಸುವವನು. ಕೆರೆಯ ತೂಬಿಗೆ ಯಾರೂ ಇಲ್ಲ. ಜಾತಿಯ ಕಟ್ಟಿಲ್ಲದೆ, ಭೂಮಿಯಿಲ್ಲದ ಮನೆಯವರಿಗೆ ಆದ್ಯತೆ ಕೊಟ್ಟು, ತಿಂಗಳ ಸಂಬಳದ ಮೇಲೆ ಕೆರೆಗೊಬ್ಬರನ್ನು ನೇಮಿಸುವ ಖರ್ಚನ್ನು ಯೋಜನೆಯಲ್ಲೇ ಏಕೆ ಸೇರಿಸಬಾರದು?

ಇದೆಲ್ಲ ಏಕೆ, ನದಿಯಿಂದ ಪಂಪು ಮಾಡಿ ಕೆರೆ ತುಂಬಿಸಿದರಾಯಿತು ಎನ್ನುವವರಿದ್ದಾರೆ. ಆ ನೀರು ಬಂದ ಕಡೆ ಬೇಡವೆನ್ನಲಾಗದು. ಆದರೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ಕಣಿವೆಯಲ್ಲಿ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ನಿಗದಿ ಮಾಡಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ಕನ್ನಂಬಾಡಿ ತುಂಬಲೇ ಇಲ್ಲ. ಮಳೆ ಸೋತ ವರ್ಷ ಪಂಪಿಗೂ ನೀರಿರದು. ನಮ್ಮ ಹೊಲದ ಮೇಲೆ ಬಿದ್ದದ್ದನ್ನು ಮೊದಲು ಹಿಡಿಯಬೇಕು: ವರ್ಷಕ್ಕೆ 700 ಮಿ.ಮೀ. ಮಳೆಯಾದರೂ ಒಂದು ಹೆಕ್ಟೇರಿನ ಮೇಲೆ 70 ಲಕ್ಷ ಲೀಟರ್ ಬೀಳುತ್ತದೆ.

ಇದನ್ನೆಲ್ಲ ನೋಡಿಕೊಳ್ಳಲು ಊರಿನ ಸಂಘವೂ ಬೇಕು. ಕೆರೆ ಬಳಕೆದಾರರ ಸಂಘಗಳು ಹಿಂದೆಯೂ ಬಂದಿದ್ದವು, ಯೋಜನೆ ಮುಗಿದ ಮೇಲೆ ಸೊರಗಿದವು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ರಾಜ್ಯದಲ್ಲಿ ಶುರುವಾದ ಕೆರೆ ಯೋಜನೆಯೂ ಇಂಥ ಸಂಘಗಳನ್ನೇ ಕಟ್ಟಿತ್ತು. ಅವು ಸೊರಗಿದ್ದಕ್ಕೆ ಊರಿನ ಪಕ್ಷ, ಜಾತಿಗಳ ಒಡಕು ಒಂದು ಕಾರಣ. ಇನ್ನೊಂದನ್ನು ನಾವು ಮರೆಯುತ್ತೇವೆ: ಸಂಘಕ್ಕೆ ಹೊಣೆ ಇತ್ತು, ಆದಾಯವಿರಲಿಲ್ಲ. ಮೀನು ಗುತ್ತಿಗೆಯ ಹಣದಲ್ಲಿ ಒಂದು ಪಾಲು ಆಯಾ ಕೆರೆಯ ಖಾತೆಗೇ ಬರಲಿ. ಅದರ ಜಮಾಖರ್ಚನ್ನು ಗ್ರಾಮಸಭೆಯಲ್ಲಿ ಓದಲಿ. ಮೀನುಗಾರರು, ಕುರಿ ಮೇಯಿಸುವವರು, ಹೆಂಗಸರು ಆ ಸಂಘದಲ್ಲಿರಲಿ. ಕಾಸು ಕಣ್ಣೆದುರಿದ್ದರೆ ಲೆಕ್ಕ ಕೇಳುವವರು ತಾವಾಗಿಯೇ ಬರುತ್ತಾರೆ.

ಕಾಲುವೆಗಳ ಅಳತೆಯನ್ನು ಮಾತ್ರ ಊರಿನವರ ಮೇಲೆ ಹಾಕಬಾರದು. ನೆರೆಯವನ ಒತ್ತುವರಿಯನ್ನು ನೆರೆಯವನೇ ಬಿಡಿಸಲಾರ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಕೈಯಲ್ಲಿರುವಾಗ ಜಿಲ್ಲಾಡಳಿತ ಸರ್ವೆ ಮಾಡಿಸಿ, ಕಲ್ಲು ನೆಡಿಸಿ, ನಕ್ಷೆಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಲಿ. ಲೋಕಪಾವನಿಯ ನೆತ್ತಿಯಲ್ಲಿರುವ ನಾಗಮಂಗಲದ ಕೆರೆಗಳಿಂದ ಶುರುವಾಗಲಿ, ಮುಂದಿನ ಮುಂಗಾರಿಗೆ ಮುಂಚೆ.

ಇತಿ,
ಓದುಗ, ಪಾಂಡವಪುರ