ಸೂರು ಹೊತ್ತ ಸೇತುವೆ

ಹಳೆಯ ವಸ್ತುವನ್ನು ಕಾಪಾಡುವುದೆಂದರೆ ಅದನ್ನು ಯಾರೂ ಮುಟ್ಟದಂತೆ ಇಡುವುದು ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬಲವಾಗಿದೆ. ನನಗೆ ಇದು ಸರಿಯೆನಿಸುವುದಿಲ್ಲ. ಬಳಕೆಗೆಂದು ಹುಟ್ಟಿದ ವಸ್ತುವನ್ನು ಬಳಕೆಯಲ್ಲಿಟ್ಟು, ಸವೆದ ಭಾಗವನ್ನು ಆಗಾಗ ದುರಸ್ತಿ ಮಾಡುತ್ತ ಹೋಗುವುದೇ ಅದಕ್ಕೆ ನಾವು ಸಲ್ಲಿಸುವ ಗೌರವ.

ಅಮೆರಿಕದಲ್ಲಿ ಇಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಬರೆದ ಪತ್ರ ಈ ವಿಚಾರಕ್ಕೆ ಪ್ರೇರಣೆ. ಅವನು ಕುಟುಂಬಸಮೇತ ಕಾರ್ನಿಷ್–ವಿಂಡ್ಸರ್ ಸೇತುವೆಯನ್ನು ನೋಡಿ ಬಂದಿದ್ದಾನೆ. "ಮೇಷ್ಟ್ರೇ, ಇಷ್ಟು ಹಣ ಸುರಿದು ಹೊಸ ತೊಲೆಗಳನ್ನು ಸೇರಿಸಿದ ಮೇಲೆ ಅದು ಹಳೆಯ ಸೇತುವೆ ಹೇಗಾದೀತು? ಕಾಂಕ್ರೀಟಿನದನ್ನೇ ಕಟ್ಟಬಹುದಿತ್ತಲ್ಲವೇ?" ಎಂದು ಕೇಳಿದ್ದಾನೆ. ಪ್ರಶ್ನೆ ಪ್ರಾಮಾಣಿಕವಾದುದು. ಉತ್ತರ ಉಳಿದವರಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾರ್ನಿಷ್ ಮತ್ತು ವರ್ಮಾಂಟ್ ರಾಜ್ಯದ ವಿಂಡ್ಸರ್ ಎಂಬ ಊರುಗಳ ನಡುವೆ ಕನೆಕ್ಟಿಕಟ್ ನದಿ ಹರಿಯುತ್ತದೆ. ಅದರ ಮೇಲೆ ಸುಮಾರು 450 ಅಡಿ ಉದ್ದದ, ಗೋಡೆ ಮತ್ತು ಚಾವಣಿಗಳಿರುವ ಈ ಮರದ ಸೇತುವೆ ನಿಂತಿದೆ. ನದಿಯ ನಡುವೆ ಇರುವುದು ಒಂದೇ ಒಂದು ಕಂಬ. ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್ ಎಂಬವರು 1866ರಲ್ಲಿ 9,000 ಡಾಲರ್ ವೆಚ್ಚದಲ್ಲಿ ಇದನ್ನು ಕಟ್ಟಿದರು. ಅದಕ್ಕೂ ಮೊದಲು ಅದೇ ಜಾಗದಲ್ಲಿ 1796, 1824 ಮತ್ತು 1849ರಲ್ಲಿ ಕಟ್ಟಿದ್ದ ಮೂರು ಸೇತುವೆಗಳೂ ಪ್ರವಾಹಕ್ಕೆ ತುತ್ತಾಗಿದ್ದವು.

ಸೇತುವೆಗೆ ಸೂರೇಕೆ ಎಂದು ಮಕ್ಕಳು ಕೇಳುವುದು ಸಹಜ. ಅದು ಪ್ರಯಾಣಿಕರಿಗಾಗಿ ಅಲ್ಲ, ಮರಕ್ಕಾಗಿ. ಭಾರ ಹೊರುವ ತೊಲೆಗಳು ಮಳೆ ಹಿಮಗಳಲ್ಲಿ ನೆನೆದು ಒಣಗುತ್ತಿದ್ದರೆ ಕೆಲವೇ ವರ್ಷಗಳಲ್ಲಿ ಕೀಲುಗಳು ಕೊಳೆಯುತ್ತವೆ. ಚಾವಣಿಯಿದ್ದರೆ ನೂರು ವರ್ಷ ದಾಟಿಯೂ ಬಾಳುತ್ತವೆ. ಹಾಳಾದ ಹಲಗೆಯನ್ನು ಬದಲಾಯಿಸುವುದು ಸುಲಭ, ತೊಲೆಯನ್ನು ಬದಲಾಯಿಸುವುದು ಕಷ್ಟ. ಆದ್ದರಿಂದ ಕಟ್ಟಿದವರು ಹಲಗೆಯನ್ನು ಸವೆಯಲು ಬಿಟ್ಟು ತೊಲೆಯನ್ನು ಉಳಿಸಿಕೊಂಡರು. ಅಂದರೆ, ದುರಸ್ತಿಯ ಆಲೋಚನೆ ಸೇತುವೆಯ ಜೊತೆಯಲ್ಲಿಯೇ ಹುಟ್ಟಿದ್ದು.

ಮುಂದಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಪ್ರವಾಹ ಮತ್ತು ಮಂಜುಗಡ್ಡೆಗಳ ಹೊಡೆತದಿಂದಾಗಿ 1887, 1892, 1925, 1938, 1954, 1955 ಮತ್ತು 1977ರಲ್ಲಿ ಇದನ್ನು ರಿಪೇರಿ ಮಾಡಬೇಕಾಯಿತು. 1987ರಲ್ಲಿ ಸಂಚಾರವನ್ನೇ ನಿಲ್ಲಿಸಿದರು. ಬಳಿಕ ಸುಮಾರು 44.5 ಲಕ್ಷ ಡಾಲರ್ ವೆಚ್ಚದಲ್ಲಿ ಪುನರುದ್ಧಾರ ನಡೆದು, 1989ರಲ್ಲಿ ಮತ್ತೆ ವಾಹನಗಳಿಗೆ ತೆರೆಯಿತು. ಆಗ ಮರದ ಪದರಗಳನ್ನು ಅಂಟಿನಿಂದ ಕೂಡಿಸಿ ತಯಾರಿಸಿದ ಆಧುನಿಕ ತೊಲೆಗಳನ್ನು ಬಳಸಲಾಯಿತು. ಹಳೆಯ ಪದ್ಧತಿಯೇ ಇರಬೇಕೆಂದು ಬಯಸಿದವರಿಗೆ ಇದು ರುಚಿಸಲಿಲ್ಲ.

ಅವರ ಅಸಮಾಧಾನ ನನಗೆ ಅರ್ಥವಾಗುತ್ತದೆ. ಆದರೆ ನಾನು ಕೇಳುವ ಪ್ರಶ್ನೆ ಬೇರೆ: ಈಗ ಭಾರ ಹೊರುತ್ತಿರುವುದು ಯಾವುದು? ಎಷ್ಟೋ ಕಡೆ ಇಂಥ ಸೇತುವೆಗಳ ಅಡಿಯಲ್ಲಿ ಉಕ್ಕಿನ ತೊಲೆಗಳನ್ನಿಟ್ಟು, ಮರವನ್ನು ಬರಿಯ ಅಲಂಕಾರವಾಗಿ ಉಳಿಸಿಕೊಂಡಿದ್ದಾರೆ. ಅಲ್ಲಿ ಹಳೆಯ ಮರ ಉಳಿದಿದೆ, ಸೇತುವೆ ಉಳಿದಿಲ್ಲ. ಕಾರ್ನಿಷ್‌ನಲ್ಲಿ ಹಾಗಾಗಲಿಲ್ಲ. ಓರೆಯಾಗಿ ಹಾಯುವ ತೊಲೆಗಳನ್ನು ಕಚ್ಚು ಕೊರೆದು ಜಾಳಿಗೆಯಂತೆ ಹೆಣೆದ ಅದೇ ರಚನೆ, ಅದೇ ಜಾಗದಲ್ಲಿ, ಅದೇ ಕೆಲಸವನ್ನು ಇಂದಿಗೂ ಮಾಡುತ್ತಿದೆ. ಈಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ 1820ರಲ್ಲಿ ಪೇಟೆಂಟ್ ಪಡೆದ ಆ ವಿದ್ಯೆಯನ್ನು ಅಲ್ಲಿ ಕಣ್ಣಾರೆ ಕಂಡು ಕಲಿಯಬಹುದು. ಆದ್ದರಿಂದ ಅದು ಹಳೆಯ ಸೇತುವೆಯೇ ಹೌದು.

ಇನ್ನು ಹಣದ ಮಾತು. ಕಾಂಕ್ರೀಟಿನ ಸೇತುವೆಯೂ ಜನರನ್ನು ದಾಟಿಸುತ್ತಿತ್ತು, ನಿಜ. ದಾಟಿಸುವುದಷ್ಟೇ ಲೆಕ್ಕವಾದರೆ ನನ್ನ ವಾದ ಸೋಲುತ್ತದೆ. ಆದರೆ ಒಂದು ಊರು ತನ್ನ ಬಡಗಿಗಳು ಏನು ಬಲ್ಲವರಾಗಿದ್ದರೆಂಬುದನ್ನು ಮರೆತರೆ, ಆ ತಿಳಿವಳಿಕೆಯನ್ನು ಎಷ್ಟು ಹಣ ಕೊಟ್ಟರೂ ಮರಳಿ ಕೊಳ್ಳಲಾಗದು. ದುರಸ್ತಿಯ ಖರ್ಚನ್ನು ನಾನು ಶಿಕ್ಷಣದ ಖರ್ಚೆಂದೇ ಭಾವಿಸುತ್ತೇನೆ.

ಆ ಸೇತುವೆಯ ಬಾಗಿಲ ಮೇಲೆ ಹಳೆಯ ಕಾಲದ ಫಲಕವೊಂದಿದೆ. ಕುದುರೆಗಳನ್ನು ಓಡಿಸದೆ ನಡೆಸಬೇಕು, ತಪ್ಪಿದರೆ ಎರಡು ಡಾಲರ್ ದಂಡ ಎಂಬುದು ಅದರ ಸಾರಾಂಶ. ದಾಟಬೇಡಿ ಎಂದು ಅದು ಹೇಳುವುದಿಲ್ಲ, ಮೆಲ್ಲನೆ ದಾಟಿ ಎನ್ನುತ್ತದೆ. ಹಿರಿಯರು ಬಿಟ್ಟುಹೋದದ್ದನ್ನು ಬಳಸುವ ರೀತಿ ಇದೇ ಎಂದು ನನ್ನ ಅಭಿಪ್ರಾಯ. ಭಿನ್ನಾಭಿಪ್ರಾಯವಿದ್ದವರು ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿ ವಾದಿಸುತ್ತಿದ್ದವರು ಈಗೇಕೆ ಸುಮ್ಮನಿರಬೇಕು?