ಬಿ.ಬಿ.ಎ. ಪದವಿಯ ವ್ಯಾಮೋಹ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದೊಡನೆ ನಾಡಿನ ಸಾವಿರಾರು ಮನೆಗಳಲ್ಲಿ ಒಂದೇ ಚಿಂತೆ ತಲೆದೋರುತ್ತದೆ: ಮಗನನ್ನೋ ಮಗಳನ್ನೋ ಮುಂದೆ ಯಾವ ಕೋರ್ಸಿಗೆ ಸೇರಿಸಬೇಕು? ವಾಣಿಜ್ಯ ಮತ್ತು ಕಲಾ ವಿಭಾಗಗಳಲ್ಲಿ ಉತ್ತೀರ್ಣರಾದವರ ಕಣ್ಣಿಗೆ ಇಂದು ಎಲ್ಲಕ್ಕಿಂತ ಮಿಗಿಲಾಗಿ ಹೊಳೆಯುತ್ತಿರುವುದು ಬಿ.ಬಿ.ಎ. ಎಂಬ ವ್ಯವಹಾರಾಡಳಿತ ಪದವಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೊದಲು ಬಿ.ಬಿ.ಎಂ. ಎಂದು ಕರೆಯುತ್ತಿದ್ದುದೂ ಇದನ್ನೇ. "ಬಿ.ಕಾಂ. ಓದಿದವನು ಗುಮಾಸ್ತನಾಗುತ್ತಾನೆ, ಬಿ.ಬಿ.ಎ. ಓದಿದವನು ಮ್ಯಾನೇಜರನಾಗುತ್ತಾನೆ" ಎಂಬ ಮಾತು ಹಳ್ಳಿಹಳ್ಳಿಗೂ ಹಬ್ಬಿದೆ. ಈ ಮಾತನ್ನು ನಂಬಿ, ಊರಿನಲ್ಲೇ ಒಳ್ಳೆಯ ಕಾಲೇಜಿದ್ದರೂ ಅದನ್ನು ಬಿಟ್ಟು, ಲಕ್ಷಗಟ್ಟಲೆ ಶುಲ್ಕ ತೆತ್ತು ಬೆಂಗಳೂರಿನ ಖಾಸಗಿ ಕಾಲೇಜುಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ಭಕ್ತಬಾಂಧವರು ನಮ್ಮಲ್ಲಿಯೂ ಅನೇಕರಿದ್ದಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ವಾಚಕರು ಸಮಾಧಾನದಿಂದ ವಿಚಾರಮಾಡಬೇಕೆಂದು ನಮ್ಮ ಕೋರಿಕೆ.

ಮೊದಲನೆಯದಾಗಿ, ಇಪ್ಪತ್ತೊಂದು ವರ್ಷದ ಯುವಕನನ್ನು ಪದವಿಪತ್ರವೊಂದನ್ನೇ ನೋಡಿ ಹತ್ತು ಜನರ ಮೇಲಧಿಕಾರಿಯನ್ನಾಗಿ ಮಾಡುವ ಧಣಿ ಎಲ್ಲಿದ್ದಾನೆ? ತಾವು ಒಂದು ಅಂಗಡಿಯ ಒಡೆಯರಾಗಿದ್ದರೆ ಹಾಗೆ ಮಾಡುವಿರಾ? ಆಡಳಿತವೆಂಬುದು ಒಂದು ಕೆಲಸವನ್ನು ಬಲ್ಲವನಿಗೆ ಒದಗುವ ಮೇಲ್ವಿಚಾರಣೆಯ ಹೊಣೆ. ನಮ್ಮ ದೇಶದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರಿಗೆ ಇದು ತಿಳಿದಿತ್ತು. 1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದಿನಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತೀಯ ನಿರ್ವಹಣಾ ಸಂಸ್ಥೆಗಳು ಹೆಸರು ಗಳಿಸಿದ್ದು ಸ್ನಾತಕೋತ್ತರ ಶಿಕ್ಷಣದಿಂದ; ಬೇರೊಂದು ವಿಷಯವನ್ನು ಓದಿ ಬಂದವರಿಗೆ ಅವು ಆಡಳಿತವನ್ನು ಕಲಿಸಿದವು.

ಎರಡನೆಯದಾಗಿ, "ಮುಂದೆ ಎಂ.ಬಿ.ಎ. ಮಾಡಬೇಕಾದರೆ ಬಿ.ಬಿ.ಎ. ಆಗಿರಲೇಬೇಕು" ಎಂಬ ಭ್ರಮೆಯನ್ನು ಹಲವರು ಹೊಂದಿದ್ದಾರೆ. ಇದು ಶುದ್ಧ ತಪ್ಪು. ಆ ಸಂಸ್ಥೆಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆಗೆ ಯಾವುದೇ ವಿಷಯದಲ್ಲಿ ಶೇಕಡಾ 50 ಅಂಕ ಪಡೆದ ಪದವೀಧರರು ಕುಳಿತುಕೊಳ್ಳಬಹುದು. ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಅಂಗವಿಕಲರಿಗೂ ಶೇಕಡಾ 45 ಸಾಕು. ನಮ್ಮ ರಾಜ್ಯದ ಪಿ.ಜಿ.ಸಿ.ಇ.ಟಿ. ಪರೀಕ್ಷೆಯ ಬಾಗಿಲೂ ಎಲ್ಲ ಪದವೀಧರರಿಗೆ ತೆರೆದಿದೆ. ಕನ್ನಡ ಸಾಹಿತ್ಯವನ್ನೋ ಗಣಿತವನ್ನೋ ಓದಿದವನಿಗೂ ಎಂ.ಬಿ.ಎ. ದೊರೆಯುವಾಗ, ಆ ಬಾಗಿಲಿಗಾಗಿ ಮೂರು ವರ್ಷ ಮೊದಲೇ ಲಕ್ಷಾಂತರ ಸುಂಕ ಕಟ್ಟುವುದೇತಕ್ಕೆ?

ಇನ್ನು ಹಣದ ವಿಷಯ. ಲೆಕ್ಕಕ್ಕೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಶುಲ್ಕ, ವಸತಿ, ಊಟ ಎಲ್ಲ ಸೇರಿ, ಓದು ಮುಗಿಯುವ ಹೊತ್ತಿಗೆ ಬಡ್ಡಿಯೊಡನೆ ಸಾಲ 5 ಲಕ್ಷ ರೂಪಾಯಿಗೆ ಬಂದು ನಿಂತಿತೆನ್ನಿ. ಶೇಕಡಾ 10ರ ಬಡ್ಡಿಯಲ್ಲಿ ಏಳು ವರ್ಷಗಳ ಕಂತಿನಲ್ಲಿ ಅದನ್ನು ತೀರಿಸಲು ತಿಂಗಳಿಗೆ ಸುಮಾರು 8,300 ರೂಪಾಯಿ ಬೇಕು. ಮೊದಲ ಸಂಬಳ 18,000 ಆಗಿದ್ದರೆ, ಕಂತು ಕಳೆದು ಉಳಿಯುವ 9,700 ರೂಪಾಯಿಯಲ್ಲಿ ಆ ಯುವಕ ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು, ಉಂಡು, ಊರಿಗೂ ಕಳುಹಿಸಬೇಕು! ವಿದ್ಯಾಭ್ಯಾಸದ ಸಾಲಕ್ಕೆ ಓದುವ ಅವಧಿಯಲ್ಲಿಯೂ, ಅನಂತರದ ಒಂದು ವರ್ಷದಲ್ಲಿಯೂ ಕಂತು ಇಲ್ಲವೆಂಬುದನ್ನು ಬ್ಯಾಂಕಿನವರು ಹೇಳುತ್ತಾರೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಸಾಲಪತ್ರಕ್ಕೆ ತಂದೆತಾಯಿಗಳೂ ಸಹ-ಸಾಲಗಾರರಾಗಿ ರುಜು ಹಾಕಬೇಕು. ಮಗನಿಗೆ ಕೆಲಸ ಸಿಗದಿದ್ದರೆ ನೋಟೀಸು ಬರುವುದು ಹೊಲದಲ್ಲಿ ದುಡಿಯುವ ಅಪ್ಪನಿಗೆ. ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಈ ಮಾತು ಅಚ್ಚಾಗಿರುವುದಿಲ್ಲ.

ಕಾಲೇಜುಗಳವರಾದರೂ ಈ ಪದವಿಯನ್ನು ಏಕೆ ಇಷ್ಟು ಮುಂದೊತ್ತುತ್ತಾರೆ? ಇದಕ್ಕೆ ರಸಾಯನಶಾಸ್ತ್ರದ ಪ್ರಯೋಗಾಲಯ ಬೇಕಿಲ್ಲ, ಯಂತ್ರಾಗಾರ ಬೇಕಿಲ್ಲ. ನಾಲ್ಕು ಕೋಣೆ, ನಾಲ್ವರು ಅಧ್ಯಾಪಕರು, ಒಂದು ಕಂಪ್ಯೂಟರ್ ಕೊಠಡಿ ಇದ್ದರೆ ತರಗತಿ ಆರಂಭವಾಗುತ್ತದೆ. ಖರ್ಚು ಅಲ್ಪ, ಶುಲ್ಕ ಅಧಿಕ. ಧರ್ಮಸಂಸ್ಥೆಗಳ ಹೆಸರಿನಲ್ಲಿ ನಡೆಯುವ ವಿದ್ಯಾಲಯಗಳೂ ಈ ಲೋಭದಿಂದ ಪೂರ್ಣ ಮುಕ್ತವೆಂದು ಎದೆತಟ್ಟಿ ಹೇಳಲಾಗದು. ದಾಸೋಹದ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ಈ ಮಾತನ್ನು ಮೊದಲು ನಮ್ಮವರಿಗೇ ಹೇಳಬೇಕಾಗಿದೆ. 2024-25ನೆಯ ಸಾಲಿನಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಬಿ.ಬಿ.ಎ. ಮತ್ತು ಬಿ.ಸಿ.ಎ. ಕೋರ್ಸುಗಳನ್ನು ತನ್ನ ಮಾನ್ಯತೆಯ ವ್ಯಾಪ್ತಿಗೆ ತೆಗೆದುಕೊಂಡಿರುವುದು ಒಳ್ಳೆಯದೇ. ಆದರೆ ಮಾನ್ಯತೆಯು ಕಲಿಸುವುದಕ್ಕೆ ಅನುಮತಿಯೇ ಹೊರತು ಉದ್ಯೋಗದ ಭರವಸೆಯಲ್ಲ.

"ಇಂದೋರಿನ ಭಾರತೀಯ ನಿರ್ವಹಣಾ ಸಂಸ್ಥೆಯೇ 2011ರಿಂದ ಪಿ.ಯು.ಸಿ. ಮುಗಿಸಿದವರನ್ನು ಐದು ವರ್ಷಗಳ ಶಿಕ್ಷಣಕ್ಕೆ ತೆಗೆದುಕೊಳ್ಳುತ್ತಿದೆಯಲ್ಲ?" ಎಂದು ಕೆಲವರು ಆಕ್ಷೇಪಿಸಬಹುದು. ನಿಜ. ಅಲ್ಲಿಗೆ ಕಠಿಣ ಪರೀಕ್ಷೆಯನ್ನು ಗೆದ್ದು ಹೋದ ವಿದ್ಯಾರ್ಥಿಗೆ ಆ ಓದು ಫಲ ಕೊಟ್ಟೀತು. ಹೆಸರಾಂತ ಕಾಲೇಜಿನಲ್ಲಿ ಅರ್ಹತೆಯಿಂದ ಸೀಟು ಪಡೆದವನಿಗೂ, ಮನೆಯಲ್ಲೇ ವ್ಯಾಪಾರವಿದ್ದು ಅದನ್ನು ಬೆಳೆಸಬೇಕೆಂದಿರುವವನಿಗೂ ಬಿ.ಬಿ.ಎ. ಉಪಯುಕ್ತವೇ. ಆದರೆ ಅರ್ಜಿ ಹಾಕಿದವರೆಲ್ಲರಿಗೂ ಪ್ರವೇಶ ಕೊಡುವ ಕಾಲೇಜಿನ ಪದವಿಗೂ ಅದಕ್ಕೂ ಹೆಸರಿನ ಸಾಮ್ಯವೊಂದನ್ನು ಬಿಟ್ಟು ಬೇರೇನಿದೆ?

ಹಾಗಾದರೆ ದಾರಿ ಯಾವುದು? ಜಿಲ್ಲಾ ಕೇಂದ್ರದ, ತಾಲ್ಲೂಕಿನ ಸರ್ಕಾರಿ ಇಲ್ಲವೇ ಅನುದಾನಿತ ಕಾಲೇಜಿನ ಬಿ.ಕಾಂ. ಪದವಿಯನ್ನು ಹಗುರಾಗಿ ಕಾಣಬೇಡಿ. ಅಲ್ಲಿಯ ಶುಲ್ಕ ಅತ್ಯಲ್ಪ; ಅದಕ್ಕಾಗಿ ಹೊಲವನ್ನು ಅಡವಿಡಬೇಕಿಲ್ಲ. ಅದರೊಡನೆ ಒಂದು ಕೈಕೆಲಸವನ್ನು ಸೇರಿಸಿರಿ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ತಾಲ್ಲೂಕು ಪೇಟೆಯ ವರ್ತಕನೂ ಕಾಲಕಾಲಕ್ಕೆ ಲೆಕ್ಕ ಒಪ್ಪಿಸಲೇಬೇಕಾಗಿದೆ. ಕಿರ್ದಿ, ಖತಾವಣಿಗಳನ್ನು ಅರಿತು, ಟ್ಯಾಲಿಯಲ್ಲಿ ಲೆಕ್ಕ ಬರೆದು, ತೆರಿಗೆಯ ವಿವರಪತ್ರ ಸಲ್ಲಿಸಬಲ್ಲ ಹುಡುಗನನ್ನು ಆ ವರ್ತಕ ತಾನೇ ಹುಡುಕಿಕೊಂಡು ಬರುತ್ತಾನೆ. ಬುದ್ಧಿಯೂ ಛಲವೂ ಉಳ್ಳವರಿಗೆ ಸಿ.ಎ. ಇದೆ. ಪಿ.ಯು.ಸಿ. ಆದೊಡನೆ ಫೌಂಡೇಶನ್ ಪರೀಕ್ಷೆಗೆ ಕುಳಿತುಕೊಳ್ಳಬಹುದು; ಬಿ.ಕಾಂ.ನಲ್ಲಿ ಶೇಕಡಾ 55 ಅಂಕ ಬಂದರೆ ಅದಿಲ್ಲದೆಯೇ ಮುಂದಿನ ಹಂತಕ್ಕೆ ಹೋಗಬಹುದು. 2023ರ ಹೊಸ ನಿಯಮದಂತೆ ಎರಡು ವರ್ಷ ಲೆಕ್ಕಪರಿಶೋಧಕರ ಬಳಿ ತರಬೇತಿ. ಆ ಅವಧಿಗೆ ಮಾಸಿಕ ಭತ್ಯೆಯೂ ಉಂಟು. ದಾರಿ ಕಠಿಣ, ಅರ್ಧದಲ್ಲಿ ನಿಂತವರು ಬಹಳ. ಆದರೆ ನಿಂತವನ ಕೈಯಲ್ಲಿಯೂ ಬಿ.ಕಾಂ. ಪದವಿ ಮತ್ತು ಲೆಕ್ಕದ ವಿದ್ಯೆ ಉಳಿಯುತ್ತವೆ, ಸಾಲ ಉಳಿಯುವುದಿಲ್ಲ.

ಇಷ್ಟಾದರೂ ಬಿ.ಬಿ.ಎ.ಯೇ ಬೇಕೆನ್ನುವ ಪೋಷಕರು ಶುಲ್ಕ ಕಟ್ಟುವ ಮುನ್ನ ಕಾಲೇಜಿನವರನ್ನು ಮೂರು ಪ್ರಶ್ನೆ ಕೇಳಲಿ. ಕಳೆದ ವರ್ಷ ಉತ್ತೀರ್ಣರಾದ ಎಲ್ಲ ವಿದ್ಯಾರ್ಥಿಗಳ ಪೈಕಿ ಎಷ್ಟು ಮಂದಿಗೆ ಕೆಲಸ ದೊರೆಯಿತು? ಅತ್ಯಧಿಕ ಸಂಬಳವನ್ನು ಬಿಟ್ಟು, ಸಾಲಿನ ನಡುವೆ ನಿಂತ ವಿದ್ಯಾರ್ಥಿಯ ಸಂಬಳವೆಷ್ಟು? ಓದುವಾಗ ಯಾವ ಸಂಸ್ಥೆಯಲ್ಲಿ, ಎಷ್ಟು ತಿಂಗಳು ಕೆಲಸ ಕಲಿಸುತ್ತೀರಿ? ಉತ್ತರವನ್ನು ಬರವಣಿಗೆಯಲ್ಲಿ ಕೊಡಲು ಹಿಂಜರಿಯುವ ಕಾಲೇಜಿನ ಮೆಟ್ಟಿಲನ್ನು ಇಳಿದು ಬರುವುದೇ ಲೇಸು.

ಕೊನೆಯದಾಗಿ ಶ್ರೀಮಠದ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ತಮ್ಮಲ್ಲಿ ಅನೇಕರು ಪ್ರಸಾದನಿಲಯದಲ್ಲಿ ಉಂಡು, ಕಡಿಮೆ ಖರ್ಚಿನಲ್ಲಿ ಓದಿ, ಇಂದು ವರ್ತಕರಾಗಿ, ಲೆಕ್ಕಪರಿಶೋಧಕರಾಗಿ, ಬ್ಯಾಂಕಿನ ಅಧಿಕಾರಿಗಳಾಗಿ ನೆಲೆನಿಂತಿದ್ದೀರಿ. ತಮ್ಮ ಪದವಿಯ ಹೆಸರನ್ನು ಇಂದು ಯಾರು ಕೇಳುತ್ತಾರೆ? ತಮ್ಮನ್ನು ಇಲ್ಲಿಗೆ ತಂದುದು ತಾವು ಕಲಿತ ಕೆಲಸ. ಆದುದರಿಂದ ಬೇಸಿಗೆಯ ರಜೆಯಲ್ಲಿ ನಿಲಯದ ಒಬ್ಬ ಇಲ್ಲವೇ ಇಬ್ಬರು ವಿದ್ಯಾರ್ಥಿಗಳನ್ನು ತಮ್ಮ ಅಂಗಡಿಗೆ, ಕಚೇರಿಗೆ ಕರೆಸಿಕೊಂಡು, ಲೆಕ್ಕ ಬರೆಯುವುದನ್ನೂ ಗಿರಾಕಿಯೊಡನೆ ಮಾತನಾಡುವುದನ್ನೂ ಕಲಿಸಿರಿ; ಕೈಲಾದಷ್ಟು ಭತ್ಯೆ ಕೊಡಿರಿ. ಪದವಿಪ್ರದಾನದ ದಿನ ಹಾರ ಹಾಕಿ ಸನ್ಮಾನಿಸುವುದಕ್ಕಿಂತ ಇದು ಆ ಮಕ್ಕಳಿಗೆ ಹೆಚ್ಚು ಉಪಕಾರ. ಈ ವರ್ಷದ ಪ್ರವೇಶದ ದಿನಗಳು ದೂರವಿಲ್ಲ. ಭಕ್ತಬಾಂಧವರು ರುಜು ಹಾಕುವ ಮೊದಲು ಕಾಗದ, ಲೇಖನಿ ಹಿಡಿದು ಮನೆಮಂದಿಯೊಡನೆ ಒಮ್ಮೆ ಕುಳಿತು ಲೆಕ್ಕ ಹಾಕಲಿ.